ಮೊದಲ ಬಸ್ಸಿಗೆ ಹೋದ ಚೀಲ

ಪಟ್ಟನೆ ಟೆನ್ನಿಸ್ ರಾಕೆಟ್ಟಿನ ತಂತಿ ಹರಿಯಿತು. ಮೊದಲ ಸುತ್ತಿನ ಪಂದ್ಯ, ಕೊನೆಯ ಸೆಟ್ಟು, ನಾಲ್ಕು–ನಾಲ್ಕು ಸಮ. ಇನ್ನೆರಡು ಗೇಮ್ ಹಿಡಿದರೆ ಪಂದ್ಯವೇ ಗಿರಣಿಯವನ ತಮ್ಮನದು. ಎದುರಿಗಿದ್ದವನು ಹೋದ ವರ್ಷ ಇದೇ ಕಪ್ಪನ್ನು ಎತ್ತಿದ ಚಾಂಪಿಯನ್. ಎಂಥ ಚೆಂಡು ಬಂದರೂ ಹಾಗೇ ಹಿಂದಕ್ಕೆ ಕಳಿಸುತ್ತಾನೆಂದು ಪತ್ರಿಕೆಯವರು ಅವನನ್ನು ‘ಕೋಟೆ’ ಎಂದು ಕರೆಯುತ್ತಿದ್ದರು. ತಮ್ಮನನ್ನು ಮಾತ್ರ ಅಂದು ಬೆಳಿಗ್ಗೆ ಬಾಗಿಲಲ್ಲಿದ್ದ ಕಾವಲುಗಾರ ಆಟಗಾರನೆಂದು ನಂಬದೆ ಪ್ರೇಕ್ಷಕರ ಸಾಲಿಗೆ ಕಳಿಸಿದ್ದ.

ತಮ್ಮ ತನ್ನ ಬೆಂಚಿನ ಕೆಳಗಿನ ಸಣ್ಣ ಚೀಲಕ್ಕೆ ಕೈ ಹಾಕಿದ. ಟವೆಲ್ಲು ಸಿಕ್ಕಿತು, ನೀರಿನ ಬಾಟಲಿ ಸಿಕ್ಕಿತು. ಅದರಲ್ಲಿದ್ದ ಇನ್ನೊಂದು ರಾಕೆಟ್ಟಿನ ತಂತಿ ಹಿಂದಿನ ಸೆಟ್ಟಿನಲ್ಲೇ ಹೋಗಿ, ಅದು ತಂತಿ ಬಿಗಿಯುವವನ ಮೇಜಿನ ಮೇಲೆ ಸರದಿ ಕಾಯುತ್ತ ಕೂತಿತ್ತು. ಉಳಿದವೆಲ್ಲ ದೊಡ್ಡ ಚೀಲದಲ್ಲಿ. ಅವನು ಪ್ರೇಕ್ಷಕರ ಮುಂದಿನ ಕಟಕಟೆಯ ಹತ್ತಿರ ಓಡಿದ. ಮೊದಲ ಸಾಲಿನಲ್ಲಿ ಅಣ್ಣ ಕೂತಿದ್ದ. ಅವನೇ ಗುರು, ಅವನೇ ಯಜಮಾನ, ಊರಲ್ಲಿ ಹಿಟ್ಟಿನ ಗಿರಣಿಯೂ ಅವನದೇ.

“ಅಣ್ಣಾ, ದೊಡ್ಡ ಚೀಲ ಎಲ್ಲಿ?”

ಅಣ್ಣ ಅತ್ತ ನೋಡಿದ, ಇತ್ತ ನೋಡಿದ. “ಮೊದಲ್ನೇ ಬಸ್ಸಿಗೆ ಹಾಕಿಬಿಟ್ಟೆ ಕಣೋ.”

ಆ ವರ್ಷ ಕಾಲಿಟ್ಟ ಊರುಗಳಲ್ಲೆಲ್ಲ ತಮ್ಮ ಮೊದಲ ಸುತ್ತಿನಲ್ಲೇ ಸೋತಿದ್ದ. ಮಧ್ಯಾಹ್ನದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ, ಅದರಲ್ಲಿ ಆ ಚೀಲ ಹೊತ್ತು ಯಾರ ಬಾಯಿಗೆ ಸಿಕ್ಕುವುದು? ಹಾಗಾಗಿ ಅಣ್ಣ ಒಂದು ರೂಢಿ ಮಾಡಿಕೊಂಡಿದ್ದ: ಮುಂಜಾನೆಯ ಖಾಲಿ ಬಸ್ಸಿನ ಕಂಡಕ್ಟರಿಗೆ ಚೀಲ ಒಪ್ಪಿಸುವುದು, ಊರಿನ ನಿಲ್ದಾಣದಲ್ಲಿ ಹೆಂಡತಿ ಅದನ್ನು ಇಳಿಸಿಕೊಳ್ಳುವುದು. ಕಾಳು ಬರುವ ಮೊದಲೇ ಬೀಸುವ ಕಲ್ಲು ಒರೆಸಿಡುವಂಥ ಮನುಷ್ಯ ಅವನು. ಸೋಲಿಗೂ ಮುಂದಾಗಿಯೇ ಸಿದ್ಧತೆ ಮಾಡಿಟ್ಟಿರುತ್ತಿದ್ದ.

ತಮ್ಮ ತನ್ನ ಕೈಯಲ್ಲಿದ್ದ ಹರಿದ ರಾಕೆಟ್ಟನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದ. “ಜನ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾರೆ. ನೀನು ಕೂಸು ಹುಟ್ಟೋದೇ ಇಲ್ಲ ಅಂತ ತೊಟ್ಟಿಲನ್ನೇ ವಾಪಸ್ ಕಳಿಸಿದ್ದೀಯಲ್ಲಣ್ಣ! ಒಂದು ದಿನಾನಾದ್ರೂ ನಾನು ಗೆಲ್ತೀನಿ ಅಂದ್ಕೊಂಡಿದ್ಯಾ?”

ಅಣ್ಣನ ಹಿಂದಿನ ಸಾಲಿನ ಅಜ್ಜಿಯೊಬ್ಬಳು, “ಪಾಪ, ಆ ಹುಡುಗನ ಮುಖ ನೋಡು. ಏನಾದ್ರೂ ಹೇಳಪ್ಪ” ಎಂದಳು. ಅಂಪೈರ್ ಮೇಲಿನಿಂದ ಬಗ್ಗಿ, ರಾಕೆಟ್ ಇಲ್ಲದಿದ್ದರೆ ಪಂದ್ಯ ಬಿಟ್ಟುಕೊಟ್ಟಂತೆಯೇ ಎಂದ.

ಕೋಟೆ ಬಲೆಯ ತನಕ ನಡೆದು ಬಂದ. ಸಂಗತಿ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. “ಬಸ್ಸಿಗಾ? ನನ್ನನ್ನ ಬಸ್ಸು ಗೆಲ್ಲಿಸ್ತು ಅಂತ ನಾಳೆ ಪೇಪರಲ್ಲಿ ಬರಬೇಕಾ? ತಗೋ.” ತನ್ನ ಬೆಂಚಿನ ರಾಶಿಯಿಂದ ಒಂದು ರಾಕೆಟ್ ಎಳೆದು ಬಲೆಯ ಮೇಲಿಂದ ಕೊಟ್ಟ. “ಎರಡು ಗೇಮಿಗೆ ತಾನೇ!”

ತೂಕದ ರಾಕೆಟ್ಟು. ತಮ್ಮ ಬೀಸಿದ ಮೊದಲ ಚೆಂಡು ಅಂಕಣ ದಾಟಿ, ಬೇಲಿ ದಾಟಿ, ಹೊರಗಿನ ಹಣ್ಣಿನ ಗಾಡಿಯವನ ಕಡೆಗೆ ಹೋಯಿತು. ಜನ ಹೋ ಎಂದರು. ಎರಡನೆಯದು ಬಲೆಗೆ ಬಿತ್ತು. ಅಷ್ಟರಲ್ಲಿ, ಇಷ್ಟು ವರ್ಷ ಪಂದ್ಯದಲ್ಲಿ ತುಟಿ ಬಿಚ್ಚದ ಅಣ್ಣ ಎದ್ದು ನಿಂತ.

“ಲೋ, ಬೀಸಬೇಡ! ಒಡ್ಡು! ಗಿರಣಿ ಗೋಡೆ ಚೆಂಡನ್ನ ಬೀಸ್ತದೇನೋ? ಸುಮ್ನೆ ನಿಂತಿರ್ತದೆ. ನಿಲ್ಲೋ ಗೋಡೆ ಥರ!”

ಆ ಗೋಡೆಯ ಎದುರು ಚೆಂಡು ಹೊಡೆದೇ ತಮ್ಮ ಆಟ ಕಲಿತದ್ದು. ಅವನು ಕಾಲೂರಿ ನಿಂತು ರಾಕೆಟ್ಟನ್ನು ಬರಿದೇ ಒಡ್ಡಿದ. ಕೋಟೆ ಹೊಡೆದ ವೇಗವೆಲ್ಲ ಆ ತೂಕಕ್ಕೆ ತಾಗಿ ಅವನ ಕಾಲಬುಡಕ್ಕೇ ಹಿಂದಿರುಗಿತು. ಕೋಟೆ ಇನ್ನೂ ಜೋರಾಗಿ ಹೊಡೆದ. ಇನ್ನೂ ಜೋರಾಗಿ ಬಂತು. ಹಲ್ಲು ಕಚ್ಚಿ ಹೊಡೆದ, ಗೆರೆಯಾಚೆ ಬಿತ್ತು. ಕೋಟೆ ಸೊಂಟದ ಮೇಲೆ ಕೈಯಿಟ್ಟು, ಕೊಟ್ಟ ರಾಕೆಟ್ಟನ್ನೇ ದೂರದಿಂದ ದಿಟ್ಟಿಸಿದ. ಆ ಗೇಮು ಅವನ ಕೈತಪ್ಪಿ ಹೋಯಿತು, ಮುಂದಿನದೂ ಹೋಯಿತು, ಪಂದ್ಯ ತಮ್ಮನದಾಯಿತು. ಅಜ್ಜಿ ಅಣ್ಣನ ಬೆನ್ನಿಗೆ ಗುದ್ದುತ್ತಿದ್ದಳು. ಅವನಿಗೆ ಅದೂ ಗೊತ್ತಾಗಲಿಲ್ಲ.

ಕೈಕುಲುಕುವಾಗ ತಮ್ಮ ಆ ರಾಕೆಟ್ಟನ್ನು ಮುಂದೆ ಚಾಚಿದ. ಕೋಟೆ ತಲೆಯಾಡಿಸಿದ. “ಇಟ್ಕೋ. ನಾಳೆ ಬರೋವ್ನಿಗೂ ಇದರಲ್ಲೇ ಬಾರಿಸು. ಸೋತಿದ್ದು ನಾನೊಬ್ಬನೇ ಅಂತ ಆಗಬಾರದು.”

ಅಣ್ಣ ಕಟಕಟೆಯ ಬಳಿ ಬಂದ ಹೊತ್ತಿಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಊರಿಂದ ಹೆಂಡತಿ. “ರೀ, ಚೀಲ ಇಳಿಸ್ಕೊಂಡೆ. ಮಧ್ಯಾಹ್ನದ ಬಸ್ಸಿಗೆ ತಾನೇ ಬರೋದು? ರಾತ್ರಿಗೆ ನಿಮ್ಮಿಬ್ಬರ ಅನ್ನಾನೂ ಸೇರಿಸಿ ಒಲೆ ಮೇಲಿಡ್ತೀನಿ.”

“ಬೇಡ.”

“ಬೇಡ್ವಾ? ಅಯ್ಯೋ, ಏನಾಯ್ತು? ಸರಿ, ನಾಳೆಗೆ ಇಡ್ತೀನಿ ಬಿಡಿ.”

ಅಣ್ಣ ಬೆವರಿನಲ್ಲಿ ತೊಯ್ದು ನಿಂತ ತಮ್ಮನನ್ನು ಮೇಲಿಂದ ಕೆಳಗೆ ನೋಡಿದ. ನಾಳಿನ ಎದುರಾಳಿ ಯಾರೆಂಬುದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

“ನಾಳೆಗೂ ಇಡಬೇಡ ಕಣೆ.”