ಸದ್ದು ನಿಂತ ಮೇಲಿನ ಅರ್ಧ ಗಂಟೆ

ಸರ್ವಮಂಗಳಮ್ಮನವರ ಮನೆಗೆ ಪಾತ್ರೆ ತೊಳೆಯುವ ಯಂತ್ರ ಬಂದು ಒಂದು ತಿಂಗಳಾಗಿತ್ತು... ಒಂದು ದಿನವಾದರೂ ಅದು ಪಾತ್ರೆಗಳನ್ನು ಒಣಗಿಸಿ ಕೊಟ್ಟಿರಲಿಲ್ಲ.

ತಟ್ಟೆಗಳ ಅಂಚಿನಲ್ಲಿ ಹನಿ, ಲೋಟಗಳ ತಳದಲ್ಲಿ ನೀರು, ಸೌಟಿನ ಗುಳಿಯಲ್ಲಂತೂ ಪುಟ್ಟದೊಂದು ಕೆರೆ!

"ಒರೆಸೋದು ನಾವೇ ಆದ್ರೆ ಈ ಡಿಶ್‌ವಾಷರ್ ಯಾವ ಪುರುಷಾರ್ಥಕ್ಕೆ?" ಎಂದು ಅವರು ದಿನವೂ ಗುಡುಗುತ್ತಿದ್ದರು.

"ಬಿಡಮ್ಮಾ, ಮಷೀನನ್ನೇ ಎತ್ತಿ ಬಿಸಿಲಿಗೆ ಇಡೋಣ," ಎಂದು ಮಗ ಶ್ರೀಹರ್ಷ ನಗುತ್ತಿದ್ದ. ನಗುತ್ತಿದ್ದನೇ ಹೊರತು ಒಂದು ಚಮಚವನ್ನೂ ಒರೆಸುತ್ತಿರಲಿಲ್ಲ.

ಯಂತ್ರವನ್ನು ಕೊಂಡವಳು ಸೊಸೆ ಪೂರ್ಣಿಮಾ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನಿಂದ ನಿಂತೇ ದುಡಿದು, ಮಧ್ಯಾಹ್ನ ಮನೆಗೆ ಬಂದು ಉಂಡು, ಸಂಜೆ ಮತ್ತೆ ಹೊರಡುವವಳು.

ಆ ನಡುವೆ ಅವಳು ಬಯಸಿದ್ದು ಇಷ್ಟೇ... ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು, ಎದುರಿನ ಹೊಂಗೆಮರವನ್ನು ಸುಮ್ಮನೆ ನೋಡುವುದು.

ಆ ಅರ್ಧ ಗಂಟೆಗಾಗಿಯೇ ಯಂತ್ರ ಬಂದಿತ್ತು.

ಆದರೆ ಕೆಲಸವಿಲ್ಲದೆ ಕುಳಿತ ಸೊಸೆಯನ್ನು ಕಂಡರೆ ಸರ್ವಮಂಗಳಮ್ಮನವರಿಗೆ ಒಳಗೊಳಗೇ ಇರುಸುಮುರುಸು. ಒಳಗೆ ನೀರಿನ ಸದ್ದು ನಿಂತಿತೋ ಇಲ್ಲವೋ, ಯಂತ್ರದ ಬಾಗಿಲು ತೆರೆದೇಬಿಡುತ್ತಿದ್ದರು.

ಹಬೆ ಭುಸ್ಸೆಂದು ಮುಖಕ್ಕೆ ಬಡಿಯುತ್ತಿತ್ತು... ಪಾತ್ರೆಗಳೆಲ್ಲ ಒದ್ದೆ.

"ಪೂರ್ಣಿಮಾ, ಬಟ್ಟೆ ತಗೊಂಡು ಬಾಮ್ಮಾ..."

ಹೊಂಗೆಮರ ತನ್ನ ಪಾಡಿಗೆ ತಾನು ತೂಗುತ್ತಿತ್ತು. ನೋಡುವವಳು ಎದ್ದು ಹೋಗಿರುತ್ತಿದ್ದಳು.

ಅವಳೂ ಪ್ರಯತ್ನಿಸದೇ ಇರಲಿಲ್ಲ. ಪಾತ್ರೆ ಬೇಗ ಒಣಗಲೆಂದು ಹಾಕುವ ದ್ರವವನ್ನು ತಂದು ತುಂಬಿದಳು. ಲೋಟಗಳನ್ನು ಓರೆಯಾಗಿ ಜೋಡಿಸಿದಳು. ಪ್ಲಾಸ್ಟಿಕ್ ಡಬ್ಬಿಗಳನ್ನು ಹೊರಗಿಟ್ಟಳು... ಫಲ ಮಾತ್ರ ಅದೇ.

ಕೊನೆಗೆ ಅತ್ತೆಯ ತೀರ್ಪು ಹೊರಬಿತ್ತು. "ಭಾನುವಾರದೊಳಗೆ ಸರಿಹೋಗದಿದ್ರೆ ವಾಪಸ್ ಕಳಿಸಿಬಿಡೋಣ."

ಪೂರ್ಣಿಮಾಳ ಕೈಯಲ್ಲಿದ್ದ ಬಟ್ಟೆ ಕ್ಷಣಕಾಲ ತಟ್ಟೆಯ ಮೇಲೆ ನಿಂತಿತು... ಮತ್ತೆ ಒರೆಸತೊಡಗಿತು.

ಭಾನುವಾರ ಬೆಳಿಗ್ಗೆ ಸೊಸೆ ಲ್ಯಾಬಿಗೆ ಹೋದ ಮೇಲೆ, ಸರ್ವಮಂಗಳಮ್ಮ ತಾವೇ ಕಂಪನಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡರು.

ಆ ಕಡೆಯ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, "ಆಂಟಿ, ನೀವು ಬಾಗಿಲು ಯಾವಾಗ ತೆಗೀತೀರಿ?" ಎಂದಳು.

"ಸದ್ದು ನಿಂತ ತಕ್ಷಣ! ಇನ್ಯಾವಾಗ?"

"ಅಯ್ಯೋ, ಆಗ ತೆಗೀಬೇಡಿ. ಕೊನೇಲಿ ಬಿಸಿನೀರು ಬಂದಿರುತ್ತಲ್ಲ, ಆ ಕಾವಿಗೇ ಪಾತ್ರೆ ಒಣಗೋದು. ಬೀಪ್ ಅನ್ನೋವರೆಗೂ ಹಾಗೇ ಬಿಟ್ಟುಬಿಡಿ."

"ಅಷ್ಟು ಹೊತ್ತು ಅದು ಸುಮ್ಮನೆ ಬಿದ್ದಿರುತ್ತಲ್ಲಮ್ಮಾ!"

"ಸುಮ್ಮನೆ ಇರಲ್ಲ ಆಂಟಿ... ಅದೂ ಅದರ ಕೆಲಸಾನೇ."

ಆ ಮಧ್ಯಾಹ್ನ ಊಟವಾಯಿತು. ಯಂತ್ರ ಗುಡುಗುಡು ತೊಳೆಯಿತು... ನಿಂತಿತು.

ಸರ್ವಮಂಗಳಮ್ಮ ಸ್ಟೂಲ್ ಎಳೆದುಕೊಂಡು ಅದರ ಮುಂದೆ ಕುಳಿತರು. ಬಾಗಿಲಿನತ್ತ ಹೊರಟ ಕೈಯನ್ನು ಹಿಂದಕ್ಕೆ ತಂದು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಮನೆ ನಿಶ್ಶಬ್ದವಾಯಿತು. ಕಿಟಕಿಯ ಬಿಸಿಲು ನೆಲದ ಮೇಲೆ ತೆವಳುತ್ತ ಬಂದು ಅವರ ಪಾದ ಮುಟ್ಟಿತು... ಯಂತ್ರದ ಬೆಚ್ಚನೆಯ ಉಸಿರು ಮೊಣಕಾಲಿಗೆ ತಾಕಿತು. ಹೊತ್ತು ಎಲ್ಲಿಗೂ ಹೋಗದೆ ಅಲ್ಲೇ ತೇಲುತ್ತಿರುವಂತೆ ತೋರಿತು.

ಆ ಅರೆನಿದ್ದೆಯಂಥ ಮೌನದಲ್ಲಿ ತಮ್ಮ ಅತ್ತೆಯ ದನಿ ಕೇಳಿಸಿತು. "ಹೆಂಗಸಿನ ಕೈ ಒಣಗಬಾರದು ಕಣೇ. ಕೈ ಒಣಗಿದ್ರೆ ಮನೆಗೆ ದರಿದ್ರ."

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ನೀರಿನಲ್ಲೇ ಸವೆದು, ಬೆರಳ ಸಂದಿಗಳಲ್ಲಿ ಬಿರುಕುಬಿಟ್ಟ ಕೈಗಳು... ಇಷ್ಟು ಹೊತ್ತು ಎಂದಾದರೂ ಒಣಗಿದ್ದುಂಟೇ? ನೆನಪಾಗಲಿಲ್ಲ.

ಎಂಥ ಅನ್ಯಾಯದ ಮಾತದು! ಒಬ್ಬಳನ್ನು ಕೂರಗೊಡದೆ ದುಡಿಸಿದ್ದಲ್ಲದೆ, ಅದನ್ನೇ ಮನೆಯ ಭಾಗ್ಯವೆಂದು ನಂಬಿಸಿದ ಮಾತು... ಅದನ್ನು ನಂಬಿದ ತಾವೇ ದಿನವೂ ಇನ್ನೊಬ್ಬಳನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದರು.

ಬೀಪ್... ಯಂತ್ರ ಕೂಗಿತು.

ಬಾಗಿಲು ತೆರೆದರು. ತಟ್ಟೆ, ಲೋಟ, ಸೌಟು... ಎಲ್ಲವೂ ಬೆಚ್ಚಗೆ, ಒಣಗಿ, ಫಳಫಳ ಹೊಳೆಯುತ್ತಿದ್ದವು.

ಅಷ್ಟರಲ್ಲಿ ಪೂರ್ಣಿಮಾ ಒರೆಸುವ ಬಟ್ಟೆ ಹಿಡಿದು ಓಡಿ ಬಂದಳು. ಕೆನ್ನೆಯ ಮೇಲೆ ಬೆತ್ತದ ಕುರ್ಚಿಯ ಹೆಣಿಗೆಯ ಗುರುತು.

"ಕ್ಷಮಿಸಿ ಅತ್ತೆ... ಕಣ್ಣು ಹತ್ತಿಬಿಡ್ತು. ನೀವು ಕರೆದಿದ್ದೇ ಕೇಳಿಸಲಿಲ್ಲ..."

ಅವರು ಕರೆದೇ ಇರಲಿಲ್ಲ.

ಕರೆಯದಿದ್ದರೂ ಓಡಿ ಬಂದು ಕ್ಷಮೆ ಕೇಳುವಷ್ಟು ತಾವು ಈ ಮಗುವನ್ನು ಅಂಜಿಸಿಬಿಟ್ಟಿದ್ದರೇ? ಸರ್ವಮಂಗಳಮ್ಮ ಅವಳ ಕೈಯಿಂದ ಬಟ್ಟೆಯನ್ನು ತೆಗೆದುಕೊಂಡು, ಗೋಡೆಯ ಮೊಳೆಗೆ ಸಿಕ್ಕಿಸಿದರು.

"ಮಷೀನು ಕೆಟ್ಟಿರಲಿಲ್ಲ ಕಣಮ್ಮಾ... ನಾನೇ ಅದನ್ನ ಒಣಗೋಕೆ ಬಿಟ್ಟಿರಲಿಲ್ಲ. ನಿನ್ನನ್ನೂ ಬಿಟ್ಟಿರಲಿಲ್ಲ. ಹೋಗು, ಕೂತ್ಕೋ."

ಪೂರ್ಣಿಮಾ ಹೋಗಲಿಲ್ಲ. ಅತ್ತೆಯ ಬಿರುಕುಬಿಟ್ಟ ಕೈಯನ್ನು ಮೆಲ್ಲಗೆ ಹಿಡಿದಳು. "ನೀವೂ ಬನ್ನಿ ಅತ್ತೆ."

ಬಾಲ್ಕನಿಗೆ ಇನ್ನೊಂದು ಕುರ್ಚಿ ಬಂತು. ಹೊಂಗೆಮರ ತೂಗುತ್ತಿತ್ತು... ನೋಡುವವರು ಈಗ ಇಬ್ಬರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಶ್ರೀಹರ್ಷನ ಕೂಗು. "ಅಮ್ಮಾ, ಪೂರ್ಣಿ... ಇಬ್ಬರೂ ಎಲ್ಲಿ? ಕಾಫಿ ಇಲ್ವಾ ಇವತ್ತು?"

ಸರ್ವಮಂಗಳಮ್ಮ ಕಣ್ಣೊರೆಸಿಕೊಂಡು, ಕುಳಿತಲ್ಲಿಂದಲೇ ಉತ್ತರಿಸಿದರು.

"ನಾವಿನ್ನೂ ಒಣಗ್ತಾ ಇದೀವಿ ಕಣೋ... ಇವತ್ತು ನೀನೇ ಮಾಡಿ, ಮೂರು ಲೋಟ ತಗೊಂಡು ಬಾ!"

*

ಯಂತ್ರಕ್ಕೆ ಸಲ್ಲುವ ವಿರಾಮ ಮನೆಯ ಹೆಣ್ಣುಮಗಳಿಗೆ ಸಲ್ಲದಿದ್ದರೆ, ಕೆಟ್ಟಿರುವುದು ಯಂತ್ರವಲ್ಲ, ಮನೆ.

ನಿಮ್ಮ ಮನೆಯಲ್ಲಿ ಈ ಮಧ್ಯಾಹ್ನ ಸುಮ್ಮನೆ ಕುಳಿತವರನ್ನು ನೀವು ಯಾವ ಕೆಲಸಕ್ಕೆ ಎಬ್ಬಿಸಿದಿರಿ?