ವಾಪಸ್ ಹೋಗಬೇಕಿದ್ದ ಡಬ್ಬಿ

"ಎಳೀಬೇಡಿ ಯಜಮಾನ್ರೇ, ಮಾಂಸ ಕಿತ್ತು ಬರುತ್ತೆ!" ಅನಾಥಾಲಯದ ಮೇಲ್ವಿಚಾರಕಿ ಚೀರಿದಳು. ಮಕ್ಕಳು ಕೆರೆಯಲ್ಲಿ ಮೀನು ಹಿಡಿಯಲೆಂದು ಅಂಗಡಿಯವರು ದಾನ ಕೊಟ್ಟಿದ್ದ ಗಾಳಗಳಲ್ಲೊಂದು ಪುಟ್ಟ ಹುಡುಗಿಯ ಹೆಬ್ಬೆರಳಿಗೆ ನೆಟ್ಟಿತ್ತು. ಗಾಳದ ತುದಿಯಲ್ಲಿ ಹಿಮ್ಮುಖವಾದ ಮುಳ್ಳಿರುತ್ತದೆ; ಹೊಕ್ಕಷ್ಟು ಸುಲಭಕ್ಕೆ ಅದು ಹೊರಬರುವುದಿಲ್ಲ.

ಅವಳ ಕೈ ಹಿಡಿದು ಕೂತಿದ್ದ ಮುದುಕ ಅಂಗಡಿಯವನು ತಂದಿದ್ದ ಡಬ್ಬಿಯದೇ ಅದು. ಬೆಳಗ್ಗೆ ಮೇಲ್ವಿಚಾರಕಿ ಆ ಡಬ್ಬಿಗೆ 'ವಾಪಸ್' ಚೀಟಿ ಅಂಟಿಸಿ, "ದಾನ ಅಂದ್ರೆ ತಿಕ್ಕಿ ಸವೆದ ಹಳೇ ಮಾಲಾ?" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದಳು.

"ನನ್ನೇ ನೋಡು ಪುಟ್ಟಿ," ಎಂದವನೇ ಮುದುಕ ಎಳೆದುಬಿಟ್ಟ. ಗಾಳ ಸೂಜಿಯಂತೆ ನುಣ್ಣಗೆ ಜಾರಿ ಬಂತು. ಒಂದೇ ಹನಿ ರಕ್ತ.

"ಮುಳ್ಳೆಲ್ಲಿ?" ಎಂದಳು ಮೇಲ್ವಿಚಾರಕಿ.

"ಅರದಲ್ಲಿ ಉಜ್ಜಿ ತೆಗೆದೆ ತಾಯೀ, ಇನ್ನೂರು ಗಾಳಕ್ಕೂ. ಮಕ್ಕಳ ಕೈ ಅಲ್ವಾ."

ಅವಳು ಮುದುಕನ ಡಬ್ಬಿಯ ಚೀಟಿಯನ್ನು ಮೆಲ್ಲಗೆ ಕಿತ್ತು, ಬೇರೆ ಅಂಗಡಿಯಿಂದ ಬಂದಿದ್ದ ಫಳಫಳ ಹೊಳೆಯುವ ಗಾಳಗಳ ಡಬ್ಬಿಗೆ ಅಂಟಿಸಿದಳು.