ಯಾರಿಗೂ ಬೇಡದ ಗಂಟೆ

ಖಜಾನೆ ಬರಿದಾದ ಮೇಲೆ ಸರ್ಕಾರ ದಿನದ ಗಂಟೆಗಳನ್ನು ಹೊರದೇಶದವರಿಗೆ ಮಾರತೊಡಗಿತ್ತು. ಯಾವ ಗಂಟೆಯನ್ನು ಮಾರಬೇಕೆಂದು ಆಯಾ ವಾರ್ಡಿನ ಜನರೇ ತೀರ್ಮಾನಿಸಬೇಕು. ಪ್ರಜಾಪ್ರಭುತ್ವ ಅಷ್ಟರಮಟ್ಟಿಗೆ ಉಳಿದಿತ್ತು. ಹನ್ನೆರಡನೇ ವಾರ್ಡಿನಲ್ಲಿ ಹೋದ ವರ್ಷದಿಂದ ಮಧ್ಯಾಹ್ನ ಎರಡು ಹೊಡೆದೊಡನೆ ಮೂರಾಗುತ್ತಿತ್ತು. ಜನ ಅದಕ್ಕೆ ಒಗ್ಗಿಕೊಂಡಿದ್ದರು.

ಮಾರಲು ಇನ್ನೊಂದು ಗಂಟೆ ಆರಿಸುವ ಈ ಭಾನುವಾರದ ಸಭೆಗೆ ಗಂಡಸರೇ ಬಂದಿದ್ದರು. ಹೆಂಗಸರಿಗೆ ಅಡುಗೆಯಿತ್ತು. ಇಡ್ಲಿ ಗಾಡಿಯ ಕಮಲಾಕ್ಷಿ ಒಬ್ಬಳು ಮಾತ್ರ ಬಾಗಿಲ ಬಳಿ ನಿಂತಿದ್ದಳು.

“ಬೆಳಗಿನ ಜಾವ ನಾಲ್ಕರಿಂದ ಐದು ಕೊಟ್ಬಿಡೋಣ,” ಎಂದರು ಅಧ್ಯಕ್ಷ ಪುಟ್ಟಬಸವಯ್ಯ ಮೇಷ್ಟ್ರು. “ಆ ಹೊತ್ತು ಯಾರಿಗೆ ಬೇಕು? ಎಲ್ರೂ ಮಲಗಿರ್ತೀವಿ.”

“ನಲ್ಲೀಲಿ ನೀರು ಬರೋದೇ ಆಗ, ಮೇಷ್ಟ್ರೇ. ಐದಕ್ಕೆ ನಿಂತೋಗುತ್ತೆ. ಆ ನೀರಿಲ್ದೆ ನನ್ನ ಗಾಡಿ ಹೊರಡಲ್ಲ,” ಎಂದಳು ಕಮಲಾಕ್ಷಿ.

“ನಮ್ಮನೇಲಿ ಏಳು ಗಂಟೆಗೂ ಹಂಡೆ ತುಂಬಾ ನೀರಿರುತ್ತಲ್ಲಮ್ಮ.”

“ಅದನ್ನ ತುಂಬ್ಸೋರು ಯಾರು ಅಂತ ಅಮ್ಮಾವ್ರನ್ನ ಕೇಳಿ.”

“ಮೇಷ್ಟ್ರು ಮನೇಲಿ ಕೇಳೋ ಪದ್ಧತಿ ಇಲ್ಲ ಕಣಮ್ಮ, ಹೇಳೋದಷ್ಟೆ,” ಎಂದ ಹಿಂದಿನ ಸಾಲಿನವನೊಬ್ಬ. ಸಭೆ ನಕ್ಕಿತು. ನಲವತ್ತು ಕೈಗಳು ಮೇಲೆದ್ದವು. ತೀರ್ಮಾನ ಬರೆದುಕೊಳ್ಳಲು ಬಂದಿದ್ದ ಸರ್ಕಾರಿ ಅಧಿಕಾರಿ ಜನರ ಪಾಲ್ಗೊಳ್ಳುವಿಕೆಯನ್ನು ಮೆಚ್ಚಿ ಎಲ್ಲರೊಡನೆ ಫೋಟೊ ತೆಗೆಸಿಕೊಂಡ.

ಮರುದಿನ ನಾಲ್ಕು ಹೊಡೆದೊಡನೆ ಐದಾಯಿತು. ಬಿಂದಿಗೆ ಹಿಡಿದು ಕಾದಿದ್ದ ಹೆಂಗಸರಿಗೆ ನಲ್ಲಿಯಿಂದ ಬರೀ ಗಾಳಿ ಬಂತು. ಕಮಲಾಕ್ಷಿಯ ಗಾಡಿ ಮನೆಮುಂದೆಯೇ ನಿಂತಿತು. ರುಬ್ಬಿಟ್ಟ ಹಿಟ್ಟು ಹುಳಿಯಾಗಿ ಪಾತ್ರೆಯಿಂದ ಉಕ್ಕಿ ಹರಿಯಿತು.

ಏಳಕ್ಕೆ ಮೇಷ್ಟ್ರು ಅರ್ಧ ಗಡ್ಡ ಹೆರೆದ ಮುಖದಲ್ಲಿ, ಖಾಲಿ ಚೊಂಬು ಹಿಡಿದು ಅವಳ ಬಾಗಿಲಿಗೆ ಬಂದರು.

“ನೋಡಮ್ಮ,” ಎಂದರು ಬೇಸರದಿಂದ, “ಇಷ್ಟು ದೊಡ್ಡ ವಿಷಯಾನ ಸಭೇಲಿ ಒಬ್ರಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?”